ತಲೆಬರಹಗಳ ಜುಲೈ

ಜುಲೈ 1, 2024, ಸೋಮವಾರ

ಇವತ್ತು ಪತ್ರಿಕಾ ದಿನ. 1843ರ ಇದೇ ತಾರೀಖು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರತಂದರು. ಕಲ್ಲಚ್ಚಿನ ಪತ್ರಿಕೆ, ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಸುದ್ದಿ ತಂಪಾಗಿ ಕೂತು ತನ್ನ ಪೂರ್ತಿ ರೂಪ ತೋರಿಸುವ ತನಕ ಕಾಯಲು ಅವರಿಗೆ ಪುರುಸೊತ್ತಿತ್ತು. ದಿನಪತ್ರಿಕೆಯ ಡೆಸ್ಕಿನಲ್ಲಿ ನಾವು ಕಂಡದ್ದೇ ಬೇರೆ. ಸುದ್ದಿ ಇನ್ನೂ ನಡೆಯುತ್ತಿರುತ್ತದೆ, ಪುಟ ಮಾತ್ರ ಮುಗಿಯಲೇಬೇಕು. ಕೊನೆಯ ಬಸ್ಸಿಗೆ ಕಟ್ಟು ಹೊರಡುವ ಹೊತ್ತಿಗೆ ಯಾರೋ ಒಬ್ಬರು ಧೈರ್ಯ ಮಾಡಿ ತಲೆಬರಹ ಕೊಡಬೇಕು.

ಹೀಗೆ ಧೈರ್ಯ ಮಾಡಿ ಎಡವಿದ ಹಳೆಯ ತಲೆಬರಹಗಳ ಮೇಲೆ ನನಗೆ ಮಮತೆ. ನಿವೃತ್ತಿಯಾದ ಮೇಲೆ ಅವುಗಳದ್ದೇ ಒಂದು ಫೈಲು ಮಾಡಿದ್ದೇನೆ. ಈ ತಿಂಗಳು ಒಂದೊಂದನ್ನೇ ತೆಗೆದು, ಅದರ ಮಾತು ನಿಜವಾಗಿದ್ದರೆ ಮುಂದೇನಾಗುತ್ತಿತ್ತು ಅಂತ ಬರೆದುಕೊಳ್ಳಬೇಕು.

ಜುಲೈ 5, ಶುಕ್ರವಾರ

‘ಷಿಕಾಗೊ ಡೈಲಿ ಟ್ರಿಬ್ಯೂನ್’, 1948ರ ನವೆಂಬರ್ 3, ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿ. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ, ಟ್ರೂಮನ್ ವಿರುದ್ಧ ಡ್ಯೂಯಿಗೆ ಗೆಲುವು. ಆಗ ಕಂಪೋಸಿಟರುಗಳ ಮುಷ್ಕರ ನಡೆದಿತ್ತು. ಸುದ್ದಿಯನ್ನು ಟೈಪ್‌ರೈಟರಿನಲ್ಲಿ ಬಡಿದು, ಅದರ ಫೋಟೊ ತೆಗೆದು ಅಚ್ಚಿನ ತಗಡು ಮಾಡಬೇಕಿತ್ತು. ಹಾಗಾಗಿ ಪುಟ ಕೆಲವು ಗಂಟೆ ಮೊದಲೇ ಹೋಗಬೇಕಾಯಿತು. ಎಣಿಕೆ ಮುಗಿಯುವ ಮುಂಚೆ ಸುಮಾರು 1,50,000 ಪ್ರತಿಗಳು ಅಚ್ಚಾಗಿಹೋದವು. ಗೆದ್ದದ್ದು ಟ್ರೂಮನ್, 303 ಎಲೆಕ್ಟೋರಲ್ ಮತ ಪಡೆದು. ಡ್ಯೂಯಿಗೆ ಸಿಕ್ಕಿದ್ದು 189. ಸೇಂಟ್ ಲೂಯಿ ರೈಲು ನಿಲ್ದಾಣದಲ್ಲಿ ಟ್ರೂಮನ್ ಆ ಪತ್ರಿಕೆಯನ್ನೇ ಎತ್ತಿ ಹಿಡಿದು ನಗುತ್ತಿರುವ ಚಿತ್ರ ಜಗತ್ತಿಗೆಲ್ಲ ಗೊತ್ತು.

ನನ್ನ ಕಲ್ಪನೆ ಹೋಗುವುದು ದೂರದ ಒಂದು ಹಳ್ಳಿಗೆ. ಈ ಪ್ರತಿ ತಲುಪುತ್ತದೆ, ಆಮೇಲೆ ಹಿಮ ಬಿದ್ದು ದಾರಿ ಕಟ್ಟುತ್ತದೆ. ಚಳಿಗಾಲ ಪೂರ್ತಿ ಅಲ್ಲಿ ಡ್ಯೂಯಿಯದೇ ಆಳ್ವಿಕೆ. ‘ಅಧ್ಯಕ್ಷರು ಯಾರು?’ ಎಂಬ ಪ್ರಶ್ನೆಗೆ ಮಕ್ಕಳೆಲ್ಲ ಡ್ಯೂಯಿ ಅಂತ ಬರೆದು ಪೂರ್ತಿ ಅಂಕ ತೆಗೆಯುತ್ತಾರೆ. ಹೊಸದಾಗಿ ಹುಟ್ಟಿದ ಕರುವಿಗೂ ಅದೇ ಹೆಸರು. ಹಿಮ ಕರಗಿದ ಮೇಲೆ ಊರವರು ಸೇತುವೆ ರಿಪೇರಿಗೆ ಅಧ್ಯಕ್ಷ ಡ್ಯೂಯಿಯವರಿಗೆ ಅರ್ಜಿ ಹಾಕುತ್ತಾರೆ. ಟ್ರೂಮನ್ ಸಹಿಯಿರುವ ಉತ್ತರ ಬರುತ್ತದೆ, ಸೇತುವೆಯೂ ಆಗುತ್ತದೆ. ‘ಡ್ಯೂಯಿಯವರ ಗುಮಾಸ್ತ ಬಹಳ ಚುರುಕು ಮನುಷ್ಯ’ ಅಂತ ಊರು ಮಾತಾಡಿಕೊಳ್ಳುತ್ತದೆ.

ಜುಲೈ 11, ಗುರುವಾರ

1979ರಲ್ಲಿ ಸ್ಕೈಲ್ಯಾಬ್ ಬಿದ್ದದ್ದು ಇದೇ ದಿನ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ, ತೂಕ ಸುಮಾರು 77 ಟನ್. ಸೂರ್ಯನ ಚಟುವಟಿಕೆ ಜೋರಾಗಿ ವಾತಾವರಣದ ಮೇಲ್ಪದರ ಹಿಗ್ಗಿತ್ತು. ಆ ತೆಳು ಗಾಳಿಯ ತಡೆಗೇ ನಿಲ್ದಾಣದ ವೇಗ ಕುಂದಿ, ಅಂದುಕೊಂಡದ್ದಕ್ಕಿಂತ ಬೇಗ ಕೆಳಗಿಳಿಯಿತು. ಎಲ್ಲಿ ಬೀಳುತ್ತದೆಂದು ನಾಸಾಕ್ಕೇ ಖಚಿತವಿರಲಿಲ್ಲ.

ತಿಪಟೂರಿನ ಹತ್ತಿರ ನಮ್ಮಜ್ಜಿಯ ಊರಲ್ಲಿ ಮೇಷ್ಟರು ಅರಳಿಕಟ್ಟೆಯ ಮೇಲೆ ಕೂತು ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ಕೇಳಿಸಿಕೊಂಡವರು ಸಾಕಿದ ಕೋಳಿ ಕೊಯ್ದು ಉಂಡರು. ಆಷಾಢ, ಮದುವೆ ಊಟವೂ ಇಲ್ಲದ ಕಾಲ. ಅಜ್ಜಿ ಗೌರಿಹಬ್ಬಕ್ಕೆಂದು ಮುಚ್ಚಿಟ್ಟಿದ್ದ ಬೆಲ್ಲ ತೆಗೆದು ಒಬ್ಬಟ್ಟು ತಟ್ಟಿದಳು. ‘ಸಾಯೋದೇ ಆದ್ರೆ ಹಸ್ಕೊಂಡು ಯಾಕೆ ಸಾಯ್ಬೇಕು, ತಿನ್ನು ಮಗ’ ಅಂತ ನನ್ನ ತಟ್ಟೆಗೆ ಇನ್ನೊಂದು ಹಾಕಿ, ಮೇಲೆ ತುಪ್ಪ ಸುರಿದಳು. ಈ ಜನರ ದಡ್ಡತನಕ್ಕೆ ನಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಚ್ಚಾದ ಮಾತನ್ನು ಅವರು ನಂಬಿದರು. ಆ ನಂಬಿಕೆ ಇದ್ದದ್ದರಿಂದಲೇ ನನಗೆ ಮೂವತ್ತು ವರ್ಷ ಸಂಬಳ ಬಂತು.

ಸ್ಕೈಲ್ಯಾಬ್ ಚೂರುಚೂರಾಗಿ ಬಿದ್ದದ್ದು ಹಿಂದೂ ಮಹಾಸಾಗರಕ್ಕೆ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಮುತ್ತ. ಅಲ್ಲಿನ ಸ್ಥಳೀಯ ಆಡಳಿತ, ಊರಲ್ಲಿ ಕಸ ಹಾಕಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡ ಹಾಕಿತು!

ನಮ್ಮೂರಿಗೇ ಬಿದ್ದಿದ್ದರೆ? ಬೀಳುವುದಂತೂ ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಮೇಲೆಯೇ. ಮೊದಲು ಪಂಚನಾಮೆ. ಪಹಣಿಯಲ್ಲಿ ರಾಗಿ ಅಂತ ಇರುವ ಕಡೆ ಈಗ ಏನು ಬರೆಯಬೇಕೆಂದು ಗ್ರಾಮ ಲೆಕ್ಕಿಗರು ತಾಲ್ಲೂಕು ಕಚೇರಿಗೆ ಕಾಗದ ಬರೆಯುತ್ತಾರೆ. ಉತ್ತರ ಬರುವುದರೊಳಗೆ ತುಂಡಿಗೆ ಅರಿಶಿನ ಕುಂಕುಮ ಬಿದ್ದು ಅದು ಸ್ಕೈಲ್ಯಾಬಮ್ಮ ಆಗಿರುತ್ತದೆ. ನಾಸಾದವರು ವಾಪಸು ಕೇಳಲು ಬಂದರೆ, ‘ಜಾತ್ರೆ ಮುಗೀಲಿ ಸ್ವಾಮಿ, ಆಮೇಲೆ ಮಾತಾಡೋಣ’ ಅಂತ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಬದು ಯಾರದೆಂಬ ದಾವೆ ಮುನ್ಸೀಫ್ ಕೋರ್ಟಿನಲ್ಲಿ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತಿರುತ್ತದೆ. ಬಸ್ ಕಂಡಕ್ಟರ್ ಮಾತ್ರ ದಿನವೂ ಕೂಗುತ್ತಾನೆ: ‘ಸ್ಕೈಲ್ಯಾಬ್ ಗೇಟ್, ಯಾರ್ರೀ ಇಳಿಯೋರು?’

ಜುಲೈ 17, ಬುಧವಾರ

ಇದು ತಲೆಬರಹವಲ್ಲ, ಸಂಪಾದಕೀಯ ಪುಟದ್ದು. ಆದರೂ ಫೈಲಿನಲ್ಲಿ ಇದಕ್ಕೇ ಮೊದಲ ಜಾಗ. 1920ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡ್ಡಾರ್ಡರನ್ನು ಗೇಲಿ ಮಾಡಿತು. ಗಾಳಿಯಿಲ್ಲದ ಕಡೆ ರಾಕೆಟ್ಟು ಯಾವುದನ್ನು ಒತ್ತಿ ಮುಂದೆ ಹೋದೀತು ಎಂಬುದು ಅದರ ವಾದ. ರಾಕೆಟ್ಟು ಗಾಳಿಯನ್ನು ಒತ್ತುವುದೇ ಇಲ್ಲ. ತನ್ನ ಹೊಟ್ಟೆಯ ಅನಿಲವನ್ನು ಹಿಂದಕ್ಕೆ ಉಗಿದು, ಅದರ ಪ್ರತಿಕ್ರಿಯೆಯಿಂದ ತಾನು ಮುಂದೆ ಹೋಗುತ್ತದೆ. 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮಾರನೆಯ ದಿನ, ಪತ್ರಿಕೆ ತಿದ್ದುಪಡಿ ಹಾಕಿ ವಿಷಾದ ಹೇಳಿತು. ಅದನ್ನು ಓದಲು ಗೊಡ್ಡಾರ್ಡ್ ಇರಲಿಲ್ಲ, 1945ರಲ್ಲೇ ತೀರಿಹೋಗಿದ್ದರು. ಅಷ್ಟು ತಡವಾಗಿಯಾದರೂ ತಿದ್ದಿಕೊಂಡ ಡೆಸ್ಕಿಗೆ ನಾನು ಕೈಮುಗಿಯುತ್ತೇನೆ.

ಸಂಪಾದಕೀಯ ಹೇಳಿದ್ದೇ ನಿಜವಾಗಿದ್ದರೆ ಚಂದ್ರಯಾನ-3 ಶ್ರೀಹರಿಕೋಟಾದಿಂದ ಎದ್ದು, ಗಾಳಿ ಮುಗಿದ ಕಡೆ ಆಧಾರ ತಪ್ಪಿ, ಬಂಗಾಳ ಕೊಲ್ಲಿಗೆ ವಾಪಸು. ಇಸ್ರೋದವರು ಪೀಣ್ಯದಲ್ಲಿ ದೀಪಾವಳಿ ರಾಕೆಟ್ ಮಾಡುತ್ತಿದ್ದರು. ಅವರ ಕೈಚಳಕಕ್ಕೆ ಒಂದೂ ಠುಸ್ ಆಗುತ್ತಿರಲಿಲ್ಲ, ಎಲ್ಲವೂ ಲೆಕ್ಕ ಹಾಕಿದ ತಾರಸಿಯ ಮೇಲೇ ಇಳಿಯುತ್ತಿದ್ದವು.

ಫೈಲಿನಲ್ಲಿ ಇನ್ನೂ ಇದೆ. ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರಿದ್ದಾರೆಂದು ನ್ಯೂಯಾರ್ಕಿನ ‘ಸನ್’ ಬರೆದದ್ದು 1835ರ ಆಗಸ್ಟಿನಲ್ಲಿ. ಅದು ಮುಂದಿನ ತಿಂಗಳಿಗಿರಲಿ. ಆ ರೆಕ್ಕೆಯವರಿಗೆ ನಮ್ಮ ವಿಕ್ರಮ್ ಲ್ಯಾಂಡರ್ ಇಳಿದಾಗ ಹೇಗನ್ನಿಸಿತೋ, ಅಲ್ಲಿಂದಲೇ ಶುರುಮಾಡಬೇಕು.