ದಿವಾನಖಾನೆಯ ಚಳಿ

ಮನೆಯ ಛಾವಣಿ ಎತ್ತರವಾಗಿರುವುದು ಭಾಗ್ಯದ ಲಕ್ಷಣವೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಉಂಟು. ತಗ್ಗಿದ ಮಾಡಿನ ಕೆಳಗೆ ಹುಟ್ಟಿ ಬೆಳೆದವನು ಹದಿನಾರಡಿ ಎತ್ತರದ ಹಜಾರವನ್ನು ಪ್ರವೇಶಿಸಿದಾಗ, ತಾನಾಗಿಯೇ ಅವನ ಮಾತು ಮೆಲ್ಲಗಾಗುತ್ತದೆ, ನಡಿಗೆ ಎಚ್ಚರದ್ದಾಗುತ್ತದೆ. ಇದನ್ನು ನಾವು ಗೌರವವೆಂದು ಕರೆಯುತ್ತೇವೆ. ಆದರೆ ಅಂತಹ ಹಜಾರದಲ್ಲಿ ಒಂದು ಮಳೆಗಾಲವನ್ನಾದರೂ ಕಳೆದವರು ಆ ಗೌರವಕ್ಕೆ ಚಳಿ ಎಂಬ ಇನ್ನೊಂದು ಹೆಸರಿರುವುದನ್ನು ಬಲ್ಲರು. ಈ ಚಳಿಯಲ್ಲಿ ಎರಡು ಬಗೆ. ಒಂದು ಮೈಗೆ ತಾಗತಕ್ಕದ್ದು, ಮತ್ತೊಂದು ಮನಸ್ಸಿಗೆ ತಾಗತಕ್ಕದ್ದು. ಇವೆರಡರ ನಡುವೆ ಇರುವ ಸಂಬಂಧವನ್ನು ಕುರಿತು ನಾನು ಕಂಡುಕೊಂಡ ಒಂದೆರಡು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಕಲೇಶಪುರದ ಕಡೆ, ಹಿಂದೆ ಮಂಜರಾಬಾದ್ ಎಂದು ಕರೆಯುತ್ತಿದ್ದ ಸೀಮೆಯಲ್ಲಿ, ನನ್ನ ಸೋದರಮಾವನವರ ಕಾಫಿ ತೋಟವಿದೆ. ತೋಟದ ಬಂಗಲೆ ಯಾರೋ ಬಿಳಿಯ ತೋಟಗಾರರು ಕಟ್ಟಿಸಿದ್ದು. ಮಾವನವರ ತಂದೆಯ ಕಾಲದಲ್ಲಿ ಕೈ ಬದಲಾಯಿಸಿ ಈ ಮನೆತನಕ್ಕೆ ಬಂದಿತು. ಅದರ ಮುಖ್ಯ ಭಾಗ ಒಂದು ಹಜಾರ. ಉದ್ದ 36 ಅಡಿ, ಅಗಲ 18 ಅಡಿ, ಎತ್ತರ 16 ಅಡಿ. ನಡುವೆ ಒಂದು ಕಮಾನು. ಕಮಾನಿನ ಈಚೆ ಕುರ್ಚಿಗಳನ್ನಿಟ್ಟ ದಿವಾನಖಾನೆ, ಆಚೆ ಹನ್ನೆರಡು ಮಂದಿ ಕೂಡಬಹುದಾದ ಊಟದ ಮೇಜು. ಮಾವನವರು ಇರುವವರೆಗೆ ಅಲ್ಲಿ ಅಧಿಕಾರಿಗಳು, ವ್ಯಾಪಾರಿಗಳು, ನೆರೆಯ ತೋಟದವರು ಕುಳಿತೇಳುತ್ತಿದ್ದರು. ಅವರು ಕಾಲವಾದ ಮೇಲೆ ಹಜಾರದ ಬಾಗಿಲು ಮುಚ್ಚಿತು. ಅತ್ತೆಯವರು ಅಡಿಗೆಮನೆಯ ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಒಬ್ಬರೇ ಊಟಮಾಡತೊಡಗಿದರು. ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದರೆ ಒಬ್ಬೊಬ್ಬರು ಒಂದೊಂದು ಕೋಣೆಗೆ ತಟ್ಟೆಯನ್ನು ಕೊಂಡೊಯ್ಯುವರು. ಒಂದೇ ಸೂರಿನ ಕೆಳಗೆ ನಾಲ್ಕು ಊಟಗಳು ನಡೆಯುವುವು.

ಇಂತಿರಲು 2022ರ ಮಳೆಗಾಲದಲ್ಲಿ ಹಿರಿಯ ಮಗನು ಒಂದು ಪ್ರಸ್ತಾಪವನ್ನು ತಂದನು. ಹತ್ತಡಿಯ ಮಟ್ಟದಲ್ಲಿ ಹಲಗೆಯ ಒಳಛಾವಣಿಯನ್ನು ಹೊಡೆಸಿ ಹಜಾರವನ್ನು ತಗ್ಗಿಸಬೇಕು. ಅದು ಆಗದಿದ್ದರೆ ಬಂಗಲೆಯನ್ನು ಪ್ರವಾಸಿಗರಿಗೆ ವಸತಿ ನಡೆಸುವವರಿಗೆ ಗುತ್ತಿಗೆಗೆ ಕೊಟ್ಟು ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಅವನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ಯಾರೂ ಕುಳಿತುಕೊಳ್ಳದ ಹಜಾರವನ್ನು ಹೊತ್ತುಕೊಂಡಿರುವ ಮನೆ ಮನೆಯಲ್ಲವೆಂದು ಅವನ ಅಭಿಪ್ರಾಯ. ಅತ್ತೆಯವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ವರ್ಷ ನಿವೃತ್ತನಾಗಿ ಅಲ್ಲಿ ಕೆಲವು ತಿಂಗಳು ತಂಗಿದ್ದ ನನಗೆ, ಒಂದು ಕೋಣೆಯ ಚಳಿಯನ್ನು ನೀಗುವ ಕೆಲಸದ ಮೇಲೆ ಒಬ್ಬ ಮುದುಕಿಯ ಉಳಿವೂ ಅಳಿವೂ ನಿಂತಿರುವಂತೆ ತೋರಿತು.

ಹೀಗೆ ಎತ್ತರವಾಗಿ ಏಕೆ ಕಟ್ಟಿದರೆಂಬುದನ್ನು ಮೊದಲು ವಿಚಾರಿಸಬೇಕು. ಬಿಸಿಯಾದ ಗಾಳಿ ಹಗುರವಾಗುತ್ತದೆ, ಹಗುರವಾದದ್ದು ಮೇಲಕ್ಕೇರುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ಇದು ದೊಡ್ಡ ಉಪಕಾರ. ಸೆಕೆ ತಲೆಯ ಮೇಲಕ್ಕೆ ಸರಿದು, ಗೋಡೆಯ ಮೇಲ್ಭಾಗದ ಗವಾಕ್ಷಿಗಳ ಮೂಲಕ ಹೊರಟುಹೋಗುತ್ತದೆ. ವಿದ್ಯುಚ್ಛಕ್ತಿ ಬರುವುದಕ್ಕೆ ಮೊದಲು ದೊಡ್ಡ ಬಟ್ಟೆಯ ಪಂಕವನ್ನು ತೂಗಿಬಿಟ್ಟು ಆಳಿನಿಂದ ಹಗ್ಗದಲ್ಲಿ ಎಳೆಯಿಸುವುದಕ್ಕೂ ಆ ಎತ್ತರ ಅನುಕೂಲವಾಗಿತ್ತು. ಬಯಲಿನ ಬಿಸಿಲಿಗೆ ಹುಟ್ಟಿದ ಈ ಮಾದರಿಯನ್ನು ನಮ್ಮ ಬಂಗಲೆಯನ್ನು ಕಟ್ಟಿಸಿದವರು ಮಲೆನಾಡಿನ ಮಳೆಗೆ ತಂದು ನಿಲ್ಲಿಸಿದರು. ಬಯಲಿನಲ್ಲಿ ಗುಣವಾಗಿದ್ದದ್ದು, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಈ ಊರಿನಲ್ಲಿ, ಜುಲೈ ತಿಂಗಳಿನ ಎಡೆಬಿಡದ ಸೋನೆಯಲ್ಲಿ, ದೋಷವಾಯಿತು. ಇದನ್ನರಿತೋ ಏನೋ, ಅವರು ದಿವಾನಖಾನೆಯ ಒಂದು ಗೋಡೆಯಲ್ಲಿ ಬೆಂಕಿಗೂಡನ್ನೂ ಇರಿಸಿದ್ದರು. ಆದರೆ ಎಷ್ಟೋ ವರ್ಷಗಳಿಂದ ಅದರೊಳಗೆ ಬೆಂಕಿಯಿರಲಿಲ್ಲ, ಹಿತ್ತಾಳೆಯ ಹೂದಾನಿಯಿತ್ತು.

ಆ ಹಜಾರದ ಗಾಳಿಯನ್ನು ನಾನು ಲೆಕ್ಕ ಹಾಕಿ ನೋಡಿದೆನು. ಹತ್ತು ಸಾವಿರ ಘನ ಅಡಿಗೂ ಮಿಗಿಲು. ತೂಕದಲ್ಲಿ ಮೂರು ಕ್ವಿಂಟಾಲಿಗೂ ಹೆಚ್ಚು. ಇಷ್ಟು ಗಾಳಿಯನ್ನು ಬಿಸಿಮಾಡುವುದು ಅಸಾಧ್ಯವೆಂದು ಯಾರಿಗಾದರೂ ತೋರಬಹುದು. ಆದರೆ ಲೆಕ್ಕ ಬೇರೆ ಮಾತನ್ನು ಹೇಳುತ್ತದೆ. ಗಾಳಿಗೆ ಉಷ್ಣದ ಹಸಿವು ಬಹಳ ಕಡಿಮೆ. ಒಂದು ಸಾವಿರ ವಾಟಿನ ಹೀಟರು, ಅದರ ಉಷ್ಣವೆಲ್ಲ ಗಾಳಿಗೇ ಸೇರುವುದಾದರೆ, ಅಷ್ಟು ಗಾಳಿಯನ್ನು ಅರ್ಧಗಂಟೆಯೊಳಗಾಗಿ ಐದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಬಲ್ಲದು. ಆದರೂ ಗಂಟೆಗಟ್ಟಲೆ ಹೀಟರನ್ನು ಉರಿಸಿದರೂ ಕಾಲು ಮರಗಟ್ಟುವುದು ತಪ್ಪುವುದಿಲ್ಲ. ಏಕೆಂದರೆ ಬಿಸಿಯಾದ ಗಾಳಿ ತೊಲೆಗಳ ಬಳಿಗೆ ಹೋಗಿ ಕುಳಿತುಕೊಳ್ಳುತ್ತದೆ, ಗವಾಕ್ಷಿಗಳಿಂದ ಹೊರಬೀಳುತ್ತದೆ, ಉಳಿದದ್ದನ್ನು ಎರಡಡಿ ದಪ್ಪದ ಕಲ್ಲಿನ ಗೋಡೆಗಳು ಕುಡಿದುಬಿಡುತ್ತವೆ. ಉಷ್ಣವನ್ನು ನಾವು ಕೊಡುವುದು ನಮಗೆ, ಅನುಭವಿಸುವುದು ಜೇಡರ ಹುಳುಗಳು.

ಆದಕಾರಣ ಎತ್ತರದ ಕೋಣೆಯಲ್ಲಿ ಕೋಣೆಯನ್ನು ಬಿಸಿಮಾಡಲು ಹೊರಡುವುದಕ್ಕಿಂತ ಕುಳಿತಿರುವವರನ್ನು ಬಿಸಿಮಾಡುವುದು ಸರಿಯಾದ ಉಪಾಯ. ಉರಿಯುವ ಬೆಂಕಿ ಸೂರ್ಯನಂತೆ ತನ್ನ ಕಿರಣಗಳಿಂದ ಎದುರಿಗಿರುವವರ ಮೈಯನ್ನು ನೇರವಾಗಿ ಮುಟ್ಟುತ್ತದೆ; ನಡುವಿನ ಗಾಳಿ ಬಿಸಿಯಾಗುವವರೆಗೆ ಅದು ಕಾಯುವುದಿಲ್ಲ. ಆದರೆ ಹಳೆಯ ಬೆಂಕಿಗೂಡುಗಳಲ್ಲಿ ಉಷ್ಣದ ಬಹುಭಾಗ ಹೊಗೆಗೊಳವೆಯ ಪಾಲಾಗುತ್ತದೆ. ಅಮೆರಿಕದಲ್ಲಿ ಹುಟ್ಟಿ ಯೂರೋಪಿನಲ್ಲಿ ಹೆಸರಾದ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1796ರಲ್ಲಿ ಈ ವಿಷಯವನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಗೂಡನ್ನು ಆಳವಿಲ್ಲದಂತೆ ಕಟ್ಟಬೇಕು, ಪಕ್ಕದ ಗೋಡೆಗಳನ್ನು ಓರೆಮಾಡಬೇಕು, ಹೊಗೆ ಹೋಗುವ ಕಂಠವನ್ನು ನಾಲ್ಕಂಗುಲಕ್ಕೆ ಕಿರಿದುಮಾಡಬೇಕು ಎಂಬುದು ಅವನ ಉಪದೇಶದ ಸಾರ. ಊರಿನ ಗಾರೆಯವನೊಬ್ಬನಿಗೆ ನಾನು ಈ ತತ್ತ್ವವನ್ನು ವಿವರಿಸಿದಾಗ ಅವನು ನಕ್ಕು, ಒಳ್ಳೆಯ ಒಲೆಯನ್ನು ಕಟ್ಟಬಲ್ಲ ಹೆಂಗಸರಿಗೆಲ್ಲ ಇದು ಗೊತ್ತಿರುವ ಸಂಗತಿಯೆಂದನು. ಎರಡು ದಿನಗಳಲ್ಲಿ ಇಟ್ಟಿಗೆ ಮಣ್ಣುಗಳಿಂದ ಗೂಡು ಹೊಸ ರೂಪವನ್ನು ಪಡೆಯಿತು. ಹೂದಾನಿ ಜಗಲಿಗೆ ಹೋಯಿತು. ಬೆಂಕಿಯನ್ನು ಹೊತ್ತಿಸಿದಾಗ ಒಂದು ಕಿಟಕಿಯನ್ನು ಸ್ವಲ್ಪವಾದರೂ ತೆರೆದಿರಬೇಕೆಂಬುದನ್ನು ಇಲ್ಲಿ ಹೇಳದೆ ಬಿಡಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿ, ಕಣ್ಣಿಗೆ ಕಾಣದ ವಿಷವಾಯುವಿನಿಂದ ಮತ್ತೆ ಏಳದೆ ಹೋದವರುಂಟು.

ಒಳಛಾವಣಿಯ ಪ್ರಶ್ನೆ ಉಳಿಯಿತು. ಹಲಗೆಯನ್ನು ಹೊಡೆಸಿದರೆ ಅದರ ಮೇಲಿನ ಕತ್ತಲೆಯಲ್ಲಿ ತೇವ ನಿಂತು ಗೆದ್ದಲಿಗೂ ಬಾವಲಿಗಳಿಗೂ ಬೀಡಾಗುವುದೆಂದು ಬಡಗಿಯೇ ಹೇಳಿದನು. ಛಾವಣಿಯನ್ನು ಇಳಿಸುವುದಕ್ಕೆ ಬದಲಾಗಿ ನಾವು ದೀಪವನ್ನು ಇಳಿಸಿದೆವು. ಅದುವರೆಗೆ ಹಜಾರದ ಬೆಳಕೆಲ್ಲ ತೊಲೆಗೆ ಹತ್ತಿದ ನಾಲ್ಕು ಕೊಳವೆದೀಪಗಳಿಂದ ಬರುತ್ತಿತ್ತು. ಅದು ಕಚೇರಿಯ ಬೆಳಕು. ಎಲ್ಲರ ಮುಖದ ಮೇಲೂ ಒಂದೇ ಸಮನಾಗಿ ಬಿದ್ದು ಎಲ್ಲರನ್ನೂ ಅರ್ಜಿದಾರರನ್ನಾಗಿ ಮಾಡುತ್ತಿತ್ತು. ಊಟದ ಮೇಜಿನ ಮೇಲೆ ಎರಡೂವರೆ ಅಡಿ ಎತ್ತರದಲ್ಲಿ ಒಂದು ದೀಪವನ್ನು ತೂಗಿಬಿಟ್ಟೆವು. ಕುರ್ಚಿಗಳ ಪಕ್ಕದಲ್ಲಿ ಎರಡು ಗಿಡ್ಡ ದೀಪಗಳನ್ನಿಟ್ಟೆವು. ಈಗಿನ ಎಲ್‌ಇಡಿ ದೀಪಗಳಲ್ಲಿ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಗುರುತಿಸುತ್ತಾರೆ. 6500 ಎಂದಿರುವುದು ನೀಲಿಗೆ ವಾಲಿದ ಬಿಳುಪು, 2700 ಎಂದಿರುವುದು ಹಿಂದಿನ ತಂತಿಬುರುಡೆಯ ಹಳದಿಗೆ ಸಮೀಪವಾದದ್ದು. ಎರಡನೆಯದನ್ನು ಆರಿಸಿದೆವು. ದೀಪ ಕೆಳಗಿಳಿದೊಡನೆ ಛಾವಣಿ ಕತ್ತಲೆಯಲ್ಲಿ ಮರೆಯಾಯಿತು. ಬೆಳಕಿರುವಷ್ಟೇ ಜಾಗ ಕೋಣೆಯಾಯಿತು. ಮೇಲಿನ ಕತ್ತಲೆ ಇರುಳಿನ ಆಕಾಶದಂತೆ ಯಾರನ್ನೂ ಬಾಧಿಸಲಿಲ್ಲ.

ಚಳಿಗೆ ಕಿವಿಯ ದಾರಿಯೂ ಒಂದುಂಟೆಂಬುದು ಅನಂತರ ತಿಳಿಯಿತು. ಆ ಹಜಾರದಲ್ಲಿ ಲೋಟವನ್ನು ಕೆಳಗಿಟ್ಟರೆ ಗೋಡೆಗಳು ಉತ್ತರ ಕೊಡುತ್ತಿದ್ದವು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳವರೆಗೆ ಮೊಳಗುತ್ತಿದ್ದು ಯಾರಿಗೂ ಅರ್ಥವಾಗದಿರಲು, ಸೇಬೈನ್ ಎಂಬ ತರುಣ ಅಧ್ಯಾಪಕನು ಪಕ್ಕದ ನಾಟ್ಯಮಂದಿರದ ಮೆತ್ತೆಗಳನ್ನು ಇರುಳಿನಲ್ಲಿ ಹೊತ್ತುತಂದು ಹರಡಿ ಪರೀಕ್ಷಿಸಿದನು. ಕೋಣೆ ದೊಡ್ಡದಾದಷ್ಟೂ ಮೊಳಗು ಹೆಚ್ಚುತ್ತದೆ, ಧ್ವನಿಯನ್ನು ಹೀರುವ ಮೆತ್ತನೆಯ ಪದಾರ್ಥ ಹೆಚ್ಚಿದಷ್ಟೂ ಅದು ಅಡಗುತ್ತದೆ ಎಂದು ಅವನಿಂದ ತಿಳಿದುಬಂದಿತು. ನಮ್ಮ ಹಜಾರದ ನೆಲಕ್ಕೆ ನವಲಗುಂದದ ಜಮಖಾನೆ ಬಂದಿತು, ಬೆಂಚಿಗೆ ಚಳ್ಳಕೆರೆಯ ಕಂಬಳಿ ಬಂದಿತು, ಕಿಟಕಿಗಳಿಗೆ ನೆಲಮುಟ್ಟುವ ದಪ್ಪ ಪರದೆಗಳು ಬಂದವು. ಇವು ಕಾಲಿಗೂ ಬೆನ್ನಿಗೂ ಬೆಚ್ಚಗಾದುವು. ಅದಕ್ಕಿಂತ ಹೆಚ್ಚಾಗಿ, ಆ ಹಜಾರದಲ್ಲಿ ಮೊದಲ ಬಾರಿಗೆ ಮೆಲುದನಿಯಲ್ಲಿ ಮಾತಾಡಿದರೂ ಕೇಳಿಸತೊಡಗಿತು. ಗೋಡೆಗೆ ಬೆನ್ನುಹಚ್ಚಿ ಪರಸ್ಪರ ಹದಿನೈದಡಿ ದೂರದಲ್ಲಿ ಕುಳಿತಿದ್ದ ಕುರ್ಚಿಗಳನ್ನು ಎಳೆದು ಬೆಂಕಿಯ ಸುತ್ತ ತಂದೆವು. ಊಟದ ಮೇಜನ್ನೂ ಕಮಾನಿನ ಈಚೆಗೆ ಸರಿಸಿದೆವು.

ಡಿಸೆಂಬರಿನ ರಜೆಗೆ ಎಲ್ಲರೂ ಬಂದರು. ಬೆಂಕಿ ಉರಿಯಿತು, ದೀಪ ಬೆಳಗಿತು, ಎಲ್ಲರೂ ಮೇಜಿನ ಸುತ್ತ ಕುಳಿತರು, ಅತ್ತೆಯವರೊಬ್ಬರನ್ನು ಬಿಟ್ಟು. ಅವರು ಪಾತ್ರೆಯನ್ನು ಹಿಡಿದು ಬಡಿಸುತ್ತಿದ್ದರು. ಕುಳಿತುಕೊಳ್ಳಿರೆಂದು ಮಕ್ಕಳು ಬೇಡಿದಾಗ, ಆಮೇಲೆ ಊಟಮಾಡುತ್ತೇನೆಂದರು. ಆಗ ಹಿರಿಯ ಮಗನು ಸ್ವಲ್ಪ ಹೊತ್ತು ಮೌನವಾಗಿದ್ದು, ಅಮ್ಮ ಈ ಮೇಜಿನಲ್ಲಿ ಊಟಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಕೇಳಿದನು. ಯಾರೂ ಕಂಡಿರಲಿಲ್ಲ. ನಲವತ್ತು ವರ್ಷಗಳಿಗೂ ಮೀರಿ ಅವರು ಆ ಮೇಜಿಗೆ ಬಡಿಸಿದ್ದರು; ಒಂದು ಸಲವೂ ಅದರಲ್ಲಿ ಕುಳಿತು ಉಂಡಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ರಮ್‌ಫರ್ಡನ ಶಾಸ್ತ್ರದಲ್ಲಿ ಈ ಚಳಿಗೆ ಮದ್ದಿಲ್ಲ.

ಮದ್ದು ದೊರೆತದ್ದು ಅವರೆಕಾಯಿಯಿಂದ. ಮರುದಿನ ಸಂಜೆ ಹತ್ತು ವರ್ಷದ ಮೊಮ್ಮಗಳು ಅವರೆಕಾಯಿಯ ಮೊರವನ್ನು ಅಡಿಗೆಮನೆಯಿಂದ ತಂದು ಮೇಜಿನ ಮೇಲೆ ಸುರಿದಳು. ಬೆಂಕಿಯ ಮಗ್ಗುಲಲ್ಲಿ ಬಿಡಿಸಿದರೆ ಕೈ ಬೆಚ್ಚಗಿರುತ್ತದೆಂದು ಅವಳ ವಾದ. ಕಾಯಿ ಬಿಡಿಸುವುದು ಕೆಲಸವಾದ್ದರಿಂದ ಅತ್ತೆಯವರಿಗೆ ಸಂಕೋಚವಿರಲಿಲ್ಲ. ಬೆಂಚಿನ ತುದಿಯಲ್ಲಿ, ಕಂಬಳಿಯ ಮೇಲೆ ಕುಳಿತರು. ಮಾತು ಬೆಳೆಯಿತು, ಹೊತ್ತು ಹೋಯಿತು. ಸೊಸೆ ಎದ್ದು ಹೋಗಿ ಅನ್ನದ ಪಾತ್ರೆಯನ್ನೂ ಸಾರಿನ ಪಾತ್ರೆಯನ್ನೂ ತಂದು ಮೇಜಿನ ನಡುವೆಯೇ ಇಟ್ಟಳು. ಅವರವರು ಬಡಿಸಿಕೊಂಡರು. ಅತ್ತೆಯವರ ಮುಂದೆಯೂ ಒಂದು ತಟ್ಟೆ ಬಂದಿತು. ಸಿಪ್ಪೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ಅದು ಸಹಜವೋ ಎಂಬಂತೆ, ಅವರು ಉಂಡರು. ಯಾರೂ ಅದನ್ನು ಕುರಿತು ಮಾತಾಡಲಿಲ್ಲ. ಮಾತಾಡಿದ್ದರೆ ಬಹುಶಃ ಎದ್ದುಬಿಡುತ್ತಿದ್ದರು.

ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹದಿಂದ ಹೊರಡುವ ಉಷ್ಣ ಸುಮಾರು ನೂರು ವಾಟಿನಷ್ಟೆಂದು ಶರೀರಶಾಸ್ತ್ರಜ್ಞರ ಲೆಕ್ಕ. ಅಂದು ಮೇಜಿನ ಸುತ್ತ ನಾವು ಒಂಬತ್ತು ಮಂದಿ ಇದ್ದೆವು. ಎಂದರೆ ಒಂದು ಹೀಟರಿಗೆ ಹೆಚ್ಚು ಕಡಿಮೆ ಸಮಾನರಾಗಿದ್ದೆವು. ಮನುಷ್ಯನ ಮೈಯೂ ಉಡುಪೂ ಧ್ವನಿಯನ್ನು ಹೀರುವುದರಿಂದ ಮೊಳಗನ್ನಡಗಿಸುವ ಮೆತ್ತೆಗಳೂ ನಾವೇ ಆಗಿದ್ದೆವು. ಎತ್ತರದ ಕೋಣೆಗೆ ಬೇಕಾದ ಮುಖ್ಯ ಸಾಮಗ್ರಿ ಜನ. ಬೆಂಕಿ, ದೀಪ, ಜಮಖಾನೆಗಳ ಕೆಲಸವೆಲ್ಲ ಬಂದವರು ಬೇಗ ಎದ್ದುಹೋಗದಂತೆ ನೋಡಿಕೊಳ್ಳುವುದು.

ಬಂಗಲೆಯ ಪ್ರಶ್ನೆ ಅಂದಿಗೇ ತೀರ್ಮಾನವಾಯಿತೆಂದು ಹೇಳಲಾರೆನು. ಒಳಛಾವಣಿಯ ಮಾತು ನಿಂತಿತು. ಗುತ್ತಿಗೆಯ ಮಾತನ್ನು ಮುಂದಕ್ಕೆ ಹಾಕಿದರು. ರಜೆ ಮುಗಿದು ಎಲ್ಲರೂ ಹೊರಟ ಮೇಲೆ ಹಜಾರ ಮತ್ತೆ ತಣ್ಣಗಾಯಿತು. ಒಬ್ಬರೇ ಇರುವ ದಿನಗಳಲ್ಲಿ ಅತ್ತೆಯವರು ಈಗಲೂ ಒಲೆಯ ಪಕ್ಕದಲ್ಲೇ ಉಣ್ಣುತ್ತಾರೆ. ಅದು ತಪ್ಪೇನೂ ಅಲ್ಲ. ಒಬ್ಬರಿಗೆ ಬೇಕಾದ ಬೆಚ್ಚಗೆ ಅಲ್ಲಿದೆ. ಆದರೆ ಮಕ್ಕಳು ಬರುವ ಸುದ್ದಿ ತಿಳಿದಾಗ ಆಳನ್ನು ಕರೆದು ಗೂಡಿಗೆ ಸೌದೆ ಜೋಡಿಸಿಡಲು ಹೇಳುವವರು ಈಗ ಅವರೇ. ಬೆಂಚಿನ ತುದಿಯ ಆ ಕಂಬಳಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಅದೇ ಸ್ಥಳದಲ್ಲಿ ಹಾಸುವವರೂ ಅವರೇ.