ವಾಟರ್ ಸರ್ವಿಸ್‌ಗೂ ವೆಬ್‌ಸೈಟ್ ಬೇಕಾ?

ಮನೆಯಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದಾನೆ ಅಂದ್ರೆ ಸಾಕು, ಟೀವಿ ರಿಮೋಟ್‌ನಿಂದ ಹಿಡಿದು ಆಧಾರ್ ಲಿಂಕ್‌ವರೆಗೆ ಎಲ್ಲವೂ ಅವನ ತಲೆಗೇ ಬರುತ್ತೆ. ಹೋದ ವರ್ಷ ನನ್ನ ತಲೆಗೆ ಬಂದ ಪ್ರಶ್ನೆ ಮಾತ್ರ ಸ್ವಲ್ಪ ಭಾರದ್ದು.

ಹಾಸನದಲ್ಲಿ ಬೇಲೂರು ರಸ್ತೆ ಕಡೆ ನಮ್ಮ ಭಾವನದೊಂದು ವಾಟರ್ ಸರ್ವಿಸ್ ಇದೆ. ಒಂದು ರ‍್ಯಾಂಪ್, ಒಂದು ಬೋರ್‌ವೆಲ್, ಇಬ್ಬರು ಹುಡುಗರು. ಬೆಂಗಳೂರಿನಲ್ಲಿ ಎಂಟು ವರ್ಷ ಕ್ಯಾಬ್ ಓಡಿಸಿ, ಸಾಕಾಗಿ ಊರಿಗೆ ಬಂದವರು ಸಾಲ ಮಾಡಿ ಹಾಕಿದ ಅಂಗಡಿ ಅದು. ಅಕ್ಕನ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಅಲ್ಲಿಗೆ ಒಂದು ಏಜೆನ್ಸಿಯವರು ಬಂದು, ‘ಈಗ ಆನ್‌ಲೈನ್‌ನಲ್ಲಿ ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಲೆಕ್ಕ ಸಾರ್’ ಎಂದು ಹೆದರಿಸಿ ಹೋಗಿದ್ದರು. ವೆಬ್‌ಸೈಟ್‌ಗೆ 35,000 ರೂಪಾಯಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನೋಡಿಕೊಳ್ಳೋಕೆ ತಿಂಗಳಿಗೆ 6,000. ಅಡ್ವಾನ್ಸ್ ಕೊಡೋ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. “ನೋಡೋ, ನೀನು ಇದೇ ಕೆಲ್ಸ ಮಾಡೋನು. ಇದು ಬೇಕಾ ಬೇಡ್ವಾ, ನೇರವಾಗಿ ಹೇಳ್ಬಿಡು.”

ವೆಬ್‌ಸೈಟ್ ಕಟ್ಟೋದೇ ನನ್ನ ಹೊಟ್ಟೆಪಾಡು. ಹಾಗಂತ ಕಣ್ಣುಮುಚ್ಚಿ ‘ಮಾಡಿಸಿ’ ಅನ್ನೋಕಾಗುತ್ತಾ? ಶನಿವಾರ ಬಸ್ ಹತ್ತಿ ಹೋಗಿ, ಅಂಗಡಿಯಲ್ಲೇ ಕೂತು ಲೆಕ್ಕ ಹಾಕಿದೆ.

ಒಂದು ಕಾರು ತೊಳೆಯೋಕೆ 400 ರೂಪಾಯಿ. ಹುಡುಗರ ಕೂಲಿ, ಶಾಂಪೂ, ಕರೆಂಟ್, ಬಾಡಿಗೆ ಎಲ್ಲಾ ಕಳೆದರೆ ಕೈಯಲ್ಲಿ ಉಳಿಯೋದು 150ರ ಹತ್ತಿರ. ಅಂದರೆ ತಿಂಗಳಿಗೆ ಆ 6,000 ಕೊಡಬೇಕಾದರೆ 40 ಕಾರುಗಳು ಹೆಚ್ಚಿಗೆ ಬರಬೇಕು, ಅದೂ ಬರೀ ಏಜೆನ್ಸಿಗೆ ದುಡಿದುಕೊಡಲಿಕ್ಕೆ. ವೆಬ್‌ಸೈಟ್‌ನ 35,000 ಬೇರೆ. ಇನ್ನು ಜಾಗದ ಲೆಕ್ಕ. ಒಂದು ಕಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ, ಊಟದ ಹೊತ್ತು ಬಿಟ್ಟರೆ, ಹತ್ತು ಕಾರಿಗಿಂತ ಹೆಚ್ಚು ಆಗಲ್ಲ.

ಆ ಭಾನುವಾರ ನಾನು ನೋಡಿದ್ದು ಇದು: ಹತ್ತು ಕಾರು ತುಂಬಿತ್ತು. ಮೂರು ಕಾರಿನವರು ಸಾಲು ನೋಡಿ ವಾಪಸ್ ಹೋದರು. ಸೋಮವಾರ ರಜೆ ಹಾಕಿ ಉಳಿದೆ. ಇಡೀ ದಿನಕ್ಕೆ ಬಂದದ್ದು ಮೂರೇ ಕಾರು, ಎರಡು ಬೈಕು. ಹುಡುಗರು ಮೊಬೈಲ್ ನೋಡ್ತಾ ಕೂತಿದ್ದರು. ಆಯುಧ ಪೂಜೆ ಹಿಂದಿನ ದಿನವಂತೂ ಸಾಲು ರಸ್ತೆ ತನಕ ಇರುತ್ತೆ, ಅದಕ್ಕೆ ಯಾವ ಜಾಹೀರಾತೂ ಬೇಡ. ಅಂದರೆ ಭಾವನಿಗೆ ಇದ್ದದ್ದು ಗಿರಾಕಿ ಇಲ್ಲ ಅನ್ನೋ ತೊಂದರೆ ಅಲ್ಲ. ಎಲ್ಲರೂ ಒಂದೇ ದಿನ ಬರ್ತಾರೆ ಅನ್ನೋ ತೊಂದರೆ. ರೀಲ್ಸ್ ನೋಡಿ ಭಾನುವಾರ ಇನ್ನೂ ಹತ್ತು ಜನ ಬಂದರೆ, ಹತ್ತು ಜನ ಬೈಕೊಂಡು ಹೋಗ್ತಾರೆ, ಅಷ್ಟೆ.

ಇನ್ನೊಂದು ವಿಷಯ ದೂರ. ಕಾರು ತೊಳೆಸೋಕೆ ಬೆಂಗಳೂರಿನಿಂದ 180 ಕಿಲೋಮೀಟರ್ ಬರೋರು ಯಾರೂ ಇಲ್ಲ. ನಾಲ್ಕೈದು ಕಿಲೋಮೀಟರ್ ಒಳಗಿನವರೇ ಗಿರಾಕಿಗಳು. ನಮ್ಮ ರೀಲ್ ಅನ್ನು ಬೀದರ್‌ನಲ್ಲಿ ಹತ್ತು ಸಾವಿರ ಜನ ನೋಡಿದರೆ ಸಂತೋಷ ಪಡಬಹುದು, ರ‍್ಯಾಂಪ್ ತುಂಬಲ್ಲ. ಸಿರಾಮಿಕ್ ಕೋಟಿಂಗ್‌ನಂಥ ಸಾವಿರಾರು ರೂಪಾಯಿಯ ಕೆಲಸ ಮಾಡೋರ ಕಥೆ ಬೇರೆ. ಅದಕ್ಕೆ ಜನ ಪಕ್ಕದ ಜಿಲ್ಲೆಯಿಂದಲೂ ಬರ್ತಾರೆ, ಬರೋ ಮುಂಚೆ ಫೋಟೋ ನೋಡ್ತಾರೆ. ಅವರಿಗೆ ಇನ್‌ಸ್ಟಾಗ್ರಾಮ್ ನಿಜಕ್ಕೂ ಅಂಗಡಿಯ ಷೋಕೇಸ್. ಭಾವನ ಅಂಗಡಿ ಆ ಥರದ್ದಲ್ಲ.

ಹಾಗಾದರೆ ಏನೂ ಬೇಡವಾ? ಬೇಕು, ಆದರೆ ಬೇಕಾದದ್ದಕ್ಕೆ ದುಡ್ಡೇ ಬೀಳಲ್ಲ. ಮೊದಲನೆಯದು ಗೂಗಲ್ ಮ್ಯಾಪ್. ಊರಿಗೆ ಹೊಸಬರು, ವರ್ಗವಾಗಿ ಬಂದ ಬ್ಯಾಂಕಿನವರು, ಹುಡುಕೋದು ಅಲ್ಲೇ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಮೂರು ವಿಷಯ ನೋಡ್ತೀವಿ ಅಂತ ಗೂಗಲ್‌ನವರೇ ಹೇಳ್ತಾರೆ: ಹುಡುಕಿದ್ದಕ್ಕೆ ಅಂಗಡಿ ಹೊಂದುತ್ತಾ, ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ಭಾವನ ಅಂಗಡಿಯ ಗುರುತು ಮ್ಯಾಪ್‌ನಲ್ಲಿ ರಸ್ತೆಯ ಆ ಕಡೆ ಇತ್ತು, ಫೋನ್ ನಂಬರ್ ಇರಲೇ ಇಲ್ಲ. ಬಿಸಿನೆಸ್ ಪ್ರೊಫೈಲ್ ನಮ್ಮ ಹೆಸರಿಗೆ ಮಾಡಿಕೊಂಡು ಜಾಗ, ಸಮಯ, ನಂಬರ್, ರಸ್ತೆಯಿಂದ ಕಾಣೋ ಬೋರ್ಡಿನ ಫೋಟೋ ಹಾಕಿದೆವು. ಇದಕ್ಕೆ ಗೂಗಲ್ ಒಂದು ಪೈಸೆ ಕೇಳಲ್ಲ. ‘ಗೂಗಲ್‌ನಿಂದ ಮಾತಾಡ್ತಿದೀವಿ, ಲಿಸ್ಟಿಂಗ್‌ಗೆ ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ರಿವ್ಯೂ ಬರೆದವರಿಗೆ ಐವತ್ತು ರೂಪಾಯಿ ಬಿಡೋಣ ಅಂದರು ಭಾವ. ಹಾಗೆ ಆಸೆ ತೋರಿಸಿ ಬರೆಸೋದು ಗೂಗಲ್ ನಿಯಮಕ್ಕೆ ವಿರುದ್ಧ. ಅದಕ್ಕೇ ದುಡ್ಡು ಕಟ್ಟೋ ಕ್ಯೂಆರ್ ಪಕ್ಕದಲ್ಲೇ ರಿವ್ಯೂ ಕ್ಯೂಆರ್ ಅಂಟಿಸಿದೆವು. ಬರೆಯೋರು ಬರೀತಾರೆ. ಒಬ್ಬರು ‘ಮ್ಯಾಟ್ ಒದ್ದೆ ಒದ್ದೆ ಕೊಟ್ಟರು’ ಅಂತ ಒಂದೇ ಸ್ಟಾರ್ ಕೊಟ್ಟರು. ಭಾವ ಆವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಅಕ್ಕ ಮಾತ್ರ, “ನಿಜ ತಾನೆ ಹೇಳಿರೋದು?” ಅಂದು ಕ್ಷಮೆ ಕೇಳಿ ಉತ್ತರ ಬರೆದಳು. ಮಾರನೇ ದಿನ ಬೋರ್‌ವೆಲ್ ಹತ್ತಿರ ಮ್ಯಾಟ್ ಒಣಗಿಸೋಕೆ ಹಗ್ಗ ಕಟ್ಟಿದ್ದರು.

ಎರಡನೆಯದು ವಾಟ್ಸಾಪ್ ಬಿಸಿನೆಸ್. ಇದು 2018ರಿಂದಲೇ ಇದೆ, ಸಣ್ಣ ಅಂಗಡಿಗೆ ಉಚಿತ. ಇದನ್ನು ನೋಡಿಕೊಳ್ಳೋದು ಅಕ್ಕ. ಸಂದೇಶ ಕಳಿಸಬಹುದಾ ಅಂತ ಗಿರಾಕಿಗಳನ್ನು ಕೇಳಿ, ಒಪ್ಪಿದವರಿಗೆ ಅಂಗಡಿ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಹೇಳ್ತಾಳೆ. ಯಾಕಂದ್ರೆ ಬ್ರಾಡ್‌ಕಾಸ್ಟ್ ಸಂದೇಶ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಸೋಮವಾರ ಸಂಜೆ ಒಂದು ಸಾಲು: ‘ನಾಳೆ, ನಾಡಿದ್ದು ಕಾಯೋ ಹಾಗಿಲ್ಲ, 50 ರೂಪಾಯಿ ಕಡಿಮೆ.’ ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ ಇನ್ನೊಂದು ಸಾಲು. ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಹೆಚ್ಚಾದರೆ ಜನ ಬ್ಲಾಕ್ ಮಾಡ್ತಾರೆ. ಭಾನುವಾರ ಬರೋರು ಮೊದಲೇ ಕೇಳಿ ಹೊತ್ತು ಗೊತ್ತು ಮಾಡಿಕೊಳ್ತಾರೆ.

ಈಗ ಮಂಗಳವಾರ, ಬುಧವಾರ ಐದಾರು ಕಾರು ಬರ್ತಿವೆ. ಪವಾಡವೇನಲ್ಲ. ಆದರೆ ಕಂತು ತಪ್ಪಿಲ್ಲ. ವೆಬ್‌ಸೈಟ್‌ಗೆ ಹೋಗಬೇಕಿದ್ದ ದುಡ್ಡಿನಲ್ಲಿ ಹಳೇ ಪಂಪ್ ಬದಲಾಯಿತು, ಕಾಯೋರಿಗೆ ಶೀಟಿನ ನೆರಳು, ಒಂದು ಬೆಂಚು, ಫ್ಯಾನು ಬಂತು. ಮಕ್ಕಳನ್ನು ಕರ್ಕೊಂಡು ಬರೋ ಹೆಂಗಸರು ಮೊದಲು ಬಿಸಿಲಲ್ಲಿ ನಿಲ್ತಿದ್ದರು, ಈಗ ಕೂತ್ಕೋತಾರೆ.

ವೆಬ್‌ಸೈಟ್ ಯಾವತ್ತೂ ಬೇಡ ಅಂತ ನಾನು ಹೇಳಲ್ಲ. ನಾಳೆ ಶಾಲಾ ಬಸ್ಸುಗಳ ಗುತ್ತಿಗೆಗೋ, ಯಾವುದಾದರೂ ಕಂಪನಿಯ ಗಾಡಿಗಳಿಗೋ ಕೊಟೇಶನ್ ಕೊಡೋ ಕಾಲ ಬಂದರೆ ಒಂದು ಪುಟದ್ದು ನಾನೇ ಮಾಡಿಕೊಡ್ತೀನಿ. ಪರರ ಜಾಗದಲ್ಲಿ ಕಟ್ಟಿದ ಮನೆಗೆ ಭರವಸೆ ಇಲ್ಲ ಅನ್ನೋದೂ ನಿಜ. ಬಿಸಿನೆಸ್ ಪ್ರೊಫೈಲ್ ಜೊತೆಗೆ ಗೂಗಲ್ ಉಚಿತವಾಗಿ ಕೊಡ್ತಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟರು. ಅದಕ್ಕೇ ಅಕ್ಕನಿಗೆ ಹೇಳಿದ್ದೀನಿ, ಗಿರಾಕಿಗಳ ಹೆಸರು, ನಂಬರ್, ಕೊನೆಗೆ ಬಂದ ತಾರೀಖು ಒಂದು ನೋಟ್‌ಬುಕ್‌ನಲ್ಲೂ ಇರಲಿ ಅಂತ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಸಣ್ಣ ಅಂಗಡಿ ನಡೆಸ್ತಿದ್ದರೆ, ಏಜೆನ್ಸಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ವಾರ ಬರೆದಿಡೋಕೆ ಹೇಳಿ: ಗಿರಾಕಿ ಎಷ್ಟು ದೂರದಿಂದ ಬಂದರು, ಯಾವ ದಿನ ಅಂಗಡಿ ಖಾಲಿ ಇತ್ತು, ಒಬ್ಬರಿಂದ ಕೈಗೆ ಉಳಿದದ್ದು ಎಷ್ಟು. ಆಮೇಲೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಅವರಿಗೇ ಗೊತ್ತಾಗುತ್ತೆ. ಅದಕ್ಕೆ ಇಂಜಿನಿಯರ್ ತಮ್ಮನೇ ಬೇಕು ಅಂತೇನಿಲ್ಲ.