ಒಳಗೆ ಏನಿದೆ, ಅಕ್ಕಾ?

ಚಿನ್ನದ ಮಳೆ ಸುರಿದ ಕಥೆಯನ್ನು ನೀವು ಕೇಳಿದ್ದೀರಾ? ನಾನು ಅದನ್ನು ಕೇಳುತ್ತಲೇ ಬೆಳೆದವಳು.

ನಮ್ಮ ಅಜ್ಜ ಯುವಕರಾಗಿದ್ದಾಗ ಊರಿನ ಹಲವರಂತೆ ಮುಂಬೈಗೆ ಹೋಗಿ, ಮಸ್ಜಿದ್ ಬಂದರ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. 1944ರ ಎಪ್ರಿಲ್ 14ರಂದು ಸಂಜೆ ನಾಲ್ಕು ದಾಟುತ್ತಲೇ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟಿಕೀನ್' ಎಂಬ ಹಡಗು ಸಿಡಿಯಿತು. ಅದರಲ್ಲಿದ್ದ ಚಿನ್ನದ ಗಟ್ಟಿಗಳು ದೂರ ದೂರಕ್ಕೆ ಹಾರಿ ಬಿದ್ದವು. "ನಿಮಗೆ ಒಂದೂ ಸಿಗಲಿಲ್ವಾ ಅಜ್ಜಾ?" ಎಂದು ನಾವು ಮಕ್ಕಳು ಕೇಳುತ್ತಿದ್ದೆವು. ಬೆಂಕಿ ಆರಿಸಲು ಹೋದವರು ಏನಾದರು ಎಂದು ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆ ನನಗೆ ಹೊಳೆದದ್ದು ನನ್ನ ಅಡುಗೆಮನೆಗೇ ಬೆಂಕಿ ಬಿದ್ದ ದಿನ.

ಗ್ಯಾಸ್ ಪೈಪ್ ಹಳತಾಗಿತ್ತು. ಇವತ್ತು ಬದಲಿಸೋಣ, ನಾಳೆ ಬದಲಿಸೋಣ ಎಂದು ತಿಂಗಳುಗಳು ಕಳೆದಿದ್ದವು. ಒಂದು ಬೆಳಿಗ್ಗೆ ಭಗ್ಗೆಂದು ಹತ್ತಿಕೊಂಡಿತು. ಮಕ್ಕಳನ್ನು ಎಳೆದುಕೊಂಡು ಹೊರಗೋಡಿದೆ. ಯಾರೋ ಫೋನ್ ಮಾಡಿದರು. ಅಗ್ನಿಶಾಮಕ ವಾಹನ ಬಂತು, ಆದರೆ ಓಣಿಯಲ್ಲಿ ನಿಂತಿದ್ದ ಬೈಕುಗಳಿಂದಾಗಿ ಒಳಗೆ ಬರಲಾಗಲಿಲ್ಲ. ಸಿಬ್ಬಂದಿ ಪೈಪನ್ನು ಎಳೆದುಕೊಂಡು ಓಡಿ ಬಂದರು.

"ಒಳಗೆ ಏನಿದೆ ಅಕ್ಕಾ? ಯಾರಾದರೂ ಇದ್ದಾರಾ?" ನನ್ನ ತಮ್ಮನ ಪ್ರಾಯದ ಹುಡುಗ ಕೇಳಿದ.

"ಯಾರೂ ಇಲ್ಲ" ಎಂದೆ. ಅವನು ಮೆಟ್ಟಿಲೇರಿದ. ಆಗ ನೆನಪಾಯಿತು, ಅಕ್ಕಿ ಮೂಟೆಯ ಹಿಂದೆ ತುಂಬಿದ ಇನ್ನೊಂದು ಸಿಲಿಂಡರ್! ಕಿರುಚಿ ಹೇಳಿದೆ. ಅವನು ತಿರುಗಿ ನೋಡಿದ, "ಹೇಳಿದ್ದು ಒಳ್ಳೇದಾಯ್ತು" ಎಂದ. ಹಿಂದೆ ಬರಲಿಲ್ಲ. ಜೊತೆಗಾರರು ನೀರು ಹಾಯಿಸುತ್ತಿದ್ದಂತೆ ಒಳಗೆ ಹೋಗಿ ಆ ಸಿಲಿಂಡರನ್ನು ಹೊರಗೆ ತಂದ.

ಬಹಳ ದಿನಗಳ ನಂತರ ಆ ಹಡಗಿನ ಬಗ್ಗೆ ಓದಿದೆ. ಅದರಲ್ಲಿ ಹತ್ತಿಯ ಬೇಲುಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಅಪಾಯ ಸೂಚಿಸುವ ಕೆಂಪು ಬಾವುಟವನ್ನು ಹಾರಿಸಿರಲಿಲ್ಲ. ಮೊದಲ ಕರೆಯಲ್ಲಿ ಅಪಾಯ ಎಷ್ಟೆಂದು ತಿಳಿಯದೆ ಎರಡೇ ವಾಹನಗಳು ಬಂದವು. ಒಳಗಿರುವುದು ಏನೆಂದು ತಿಳಿದ ಮೇಲೂ ಆ ಸಿಬ್ಬಂದಿ ಸ್ಥಳ ಬಿಟ್ಟು ಹೋಗಲಿಲ್ಲ. ಅಂದು ಪ್ರಾಣ ಕಳೆದುಕೊಂಡ ಅಗ್ನಿಶಾಮಕ ಸಿಬ್ಬಂದಿ 66 ಮಂದಿ. ಅವರ ನೆನಪಿಗಾಗಿಯೇ ಪ್ರತಿ ಎಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸಲಾಗುತ್ತದೆ.

ಓದಿ ಮುಗಿಸಿದಾಗ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ನನಗೆ ಇನ್ನೊಂದು ನಿಮಿಷ ತಡವಾಗಿ ನೆನಪಾಗಿದ್ದರೆ? ಅವನಿಗೂ ಮನೆಯಲ್ಲಿ ಕಾಯುವ ತಾಯಿ ಇದ್ದಿರಬಹುದಲ್ಲವೇ?

ಪ್ರಿಯ ಸಹೋದರಿ, ಮಡಿದವರ ಚಿತ್ರಕ್ಕೆ ಹಾರ ಹಾಕುವುದು ಸುಲಭ. ಇನ್ನೊಬ್ಬರ ಚಿತ್ರ ಅಲ್ಲಿ ಸೇರದಂತೆ ನೋಡಿಕೊಳ್ಳುವುದು ನಮ್ಮ ಅಡುಗೆಮನೆಯಿಂದಲೇ ಆರಂಭವಾಗಬೇಕು. ಇಂದೇ ಗ್ಯಾಸ್ ಪೈಪಿನ ಮೇಲಿರುವ ದಿನಾಂಕ ನೋಡಿ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ. ಓಣಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬೇಡಿ ಎಂದು ಮಗನಿಗೂ ಗಂಡನಿಗೂ ಹೇಳಿ. ಬೆಂಕಿ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಿ, ಒಳಗೆ ಯಾರಿದ್ದಾರೆ, ಏನಿದೆ ಎಂಬುದನ್ನು ಮರೆಯದೆ ತಿಳಿಸಿ.

ಈಗ ನನ್ನ ಮಕ್ಕಳಿಗೂ ಅಜ್ಜನ ಕಥೆ ಹೇಳುತ್ತೇನೆ. ಚಿನ್ನದ ವಿಷಯ ಕೊನೆಗೆ ಬರುತ್ತದೆ. ಮೊದಲು ಹೇಳುವುದು ಆ 66 ಮಂದಿಯ ವಿಷಯ.